ದಿನವಿಡೀ ತೋಟದಲ್ಲಿ ದುಡಿದರೂ ಸೊಂಟ ಹಿಡಿಯುವುದೇಕೆ?

ಪ್ರಶ್ನೆ: ನನಗೆ 52 ವರ್ಷ, ತೂಕ 61 ಕೆ.ಜಿ. ಶಿರಸಿ ಹತ್ತಿರದ ಹಳ್ಳಿಯಲ್ಲಿ ಒಂದೂವರೆ ಎಕರೆ ಅಡಿಕೆ ತೋಟವಿದೆ. ಆಳು ಸಿಗುವುದಿಲ್ಲ, ಬಹುಪಾಲು ಕೆಲಸ ನಮ್ಮದೇ. ನಾಲ್ಕು ವರ್ಷಗಳಿಂದ ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯುವ ಕೆಲಸ) ಶುರುವಾಗಿ ಹದಿನೈದು ದಿನಕ್ಕೆ ಸೊಂಟ ಹಿಡಿಯುತ್ತದೆ. ಸಂಕ್ರಾಂತಿ ಕಳೆದು ಸುಲಿಯುವ ಕೆಲಸ ಮುಗಿದರೆ ತಾನಾಗಿ ಬಿಡುತ್ತದೆ. ಕಾಲಿಗೆ ಇಳಿಯುವುದಿಲ್ಲ. ತೋಟಕ್ಕೆ ಇಳಿಯುವಾಗ ಬಲಮಂಡಿ ನೋಯುತ್ತದೆ, ಹತ್ತುವಾಗ ಇಲ್ಲ. ಎಕ್ಸ್‌ರೇ ತೆಗೆಸಿದಾಗ ಸೊಂಟದ ಎಲ್4–ಎಲ್5 ಎಲುಬುಗಳ ನಡುವೆ ‘ಗ್ಯಾಪ್ ಕಡಿಮೆಯಾಗಿದೆ’ ಎಂದರು. ಬೆಲ್ಟ್ ಕೊಟ್ಟು, ಬಗ್ಗಬೇಡಿ ಅಂದರು. ಬಗ್ಗದೆ ತೋಟ ಮಾಡುವುದು ಹೇಗೆ? ಮಗ ಜಿಮ್ ಸೇರಿ, ಪ್ರೊಟೀನ್ ಪುಡಿ ತಗೊಳ್ಳಿ ಎನ್ನುತ್ತಾನೆ. ಊರಿನವರು ದುಡಿಯುವವನಿಗೆ ವ್ಯಾಯಾಮ ಯಾಕೆ ಎಂದು ಕೇಳುತ್ತಾರೆ. ಈ ವಯಸ್ಸಿನಲ್ಲಿ ಮಾಂಸಖಂಡ ಬೆಳೆಯುತ್ತದೆಯೇ? ನಾವು ಸಸ್ಯಾಹಾರಿಗಳು. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂರುವ ನನ್ನ ಹೆಂಡತಿಗೆ ಕುತ್ತಿಗೆ, ಭುಜದ ನೋವಿದೆ. ಅವಳೂ ಮಾಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲೇ ಅರ್ಧ ಉತ್ತರವಿದೆ. ನೋವು ಕೊಯ್ಲಿನ ಜೊತೆ ಬರುತ್ತದೆ, ಸುಲಿಯುವುದು ಮುಗಿದರೆ ಹೋಗುತ್ತದೆ. ಎಲುಬಿನ ನಡುವಿನ ‘ಗ್ಯಾಪ್’ ಮಾತ್ರ ವರ್ಷವಿಡೀ ಅಷ್ಟೇ ಇರುತ್ತದೆ, ಸಂಕ್ರಾಂತಿ ಕಳೆದ ಕೂಡಲೇ ಅಗಲವಾಗುವುದಿಲ್ಲ. ಹಾಗಾಗಿ ನಿಮ್ಮ ನೋವಿನ ಮೂಲವನ್ನು ಎಕ್ಸ್‌ರೇಯಲ್ಲಿ ಹುಡುಕುವುದಕ್ಕಿಂತ, ಆ ಎರಡು ತಿಂಗಳ ಕೆಲಸದಲ್ಲೂ ಉಳಿದ ಹತ್ತು ತಿಂಗಳ ತಯಾರಿಯಲ್ಲೂ ಹುಡುಕುವುದು ಸರಿ.

ಗ್ಯಾಪಿನ ಹೆದರಿಕೆಯನ್ನು ಮೊದಲು ಇಳಿಸುತ್ತೇನೆ, ಏಕೆಂದರೆ ವ್ಯಾಯಾಮಕ್ಕೆ ದೊಡ್ಡ ಅಡ್ಡಿ ಅದೇ. ಬೆನ್ನುನೋವು ಇಲ್ಲವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. 50ರ ವಯಸ್ಸಿನವರಲ್ಲಿ ಶೇ. 80 ಜನರ ಡಿಸ್ಕ್ (ಬೆನ್ನೆಲುಬುಗಳ ನಡುವಿನ ಮೆತ್ತೆ) ಸವೆದಿತ್ತು, ಶೇ. 60 ಜನರಲ್ಲಿ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹುಡುಗರಲ್ಲೂ ಮೂರರಲ್ಲಿ ಒಂದು ಪಾಲಿಗೆ ಸವೆತವಿತ್ತು. ಇವರಲ್ಲಿ ಯಾರಿಗೂ ನೋವಿರಲಿಲ್ಲ ಎಂಬುದನ್ನು ನೆನಪಿಡಿ. ಡಿಸ್ಕಿಗೂ ನೋವಿಗೂ ಸಂಬಂಧವೇ ಇಲ್ಲ ಎಂದು ಇದರ ಅರ್ಥವಲ್ಲ. ನೋವು ಕಾಲಿಗೆ ಇಳಿದು ಪಾದ ಜೋಮು ಹಿಡಿದರೆ ಲೆಕ್ಕ ಬೇರೆ. ನಿಮಗೆ ಹಾಗಿಲ್ಲ. ‘ಬಗ್ಗಬೇಡಿ’ ಎಂಬ ಸಲಹೆ ನೋವು ಜೋರಾಗಿರುವ ನಾಲ್ಕಾರು ದಿನಕ್ಕೆ ಸರಿ. ಅದನ್ನು ವರ್ಷಗಟ್ಟಲೆ ಪಾಲಿಸಿದರೆ ಬಗ್ಗುವ ಸ್ನಾಯುಗಳು ಬಲಗುಂದಿ, ಮುಂದಿನ ಕೊಯ್ಲಿಗೆ ಬೆನ್ನು ಇನ್ನಷ್ಟು ಬೇಗ ಹಿಡಿಯುತ್ತದೆ.

ಇನ್ನು ಊರಿನವರ ಮಾತು. ದುಡಿಮೆ ದೇಹಕ್ಕೆ ಒಳ್ಳೆಯದು, ಸಂಶಯವಿಲ್ಲ. ಆದರೆ ಸ್ನಾಯು ಬಲಿಯಲು ಮೂರು ಷರತ್ತುಗಳಿವೆ: ಭಾರ ಸ್ವಲ್ಪ ಸ್ವಲ್ಪವೇ ಏರಬೇಕು, ಒಂದು ಚಲನೆಯನ್ನು ಪೂರ್ತಿ ಅಳತೆಯಲ್ಲಿ ಮಾಡಬೇಕು, ಆಮೇಲೆ ಒಂದೆರಡು ದಿನ ಬಿಡುವು ಸಿಗಬೇಕು. ತೋಟದ ಕೆಲಸ ಮೂರನ್ನೂ ಮುರಿಯುತ್ತದೆ. ಅಕ್ಟೋಬರಿನಲ್ಲಿ ಶೂನ್ಯವಿದ್ದ ಭಾರ ನವೆಂಬರಿನಲ್ಲಿ ಏಕಾಏಕಿ ದಿನಕ್ಕೆ ನಲವತ್ತು ಹೆಡಿಗೆ (ಬುಟ್ಟಿ) ಆಗುತ್ತದೆ. ಕೊನೆಯಿಂದ ಉದುರಿದ ಅಡಿಕೆ ಹೆಕ್ಕುವಾಗ ಬೆನ್ನು ಅರ್ಧ ಬಗ್ಗಿದ ಸ್ಥಿತಿಯಲ್ಲೇ ಗಂಟೆಗಟ್ಟಲೆ ಇರುತ್ತದೆ. ಪೂರ್ತಿ ಬಗ್ಗಿ ಪೂರ್ತಿ ಎದ್ದದ್ದು ಕಡಿಮೆ. ಬಿಡುವಂತೂ ಇಲ್ಲ, ಹಗಲು ತೋಟ, ರಾತ್ರಿ ಮೆಟ್ಟುಗತ್ತಿ. ಇಷ್ಟರ ಮೇಲೆ ಎಲ್ಲ ಕೆಲಸವೂ ದೇಹದ ಮುಂಭಾಗದಲ್ಲೇ ನಡೆಯುತ್ತದೆ. ಹಿಂದಕ್ಕೆ ಎಳೆಯುವ, ಬೆನ್ನನ್ನು ಹಿಂದಕ್ಕೆ ಬಾಗಿಸುವ ಕೆಲಸ ತೋಟದಲ್ಲಿ ಎಷ್ಟಿದೆ, ಯೋಚಿಸಿ ನೋಡಿ.

ಹೆಚ್ಚು ಹೊತ್ತು ಬಗ್ಗಿ ಕೂತಾಗ ಒಳಗೆ ನಡೆಯುವುದು ಇಷ್ಟು. ಬೆನ್ನೆಲುಬಿನ ಹಿಂದಿನ ಕಟ್ಟುನಾರುಗಳು ನಿಧಾನವಾಗಿ ಜಗ್ಗಿ ಸಡಿಲವಾಗುತ್ತವೆ, ಅವನ್ನು ಕಾಯಬೇಕಾದ ಸ್ನಾಯುಗಳು ತಡವಾಗಿ ಎಚ್ಚರಗೊಳ್ಳುತ್ತವೆ. ನೀವು ಎದ್ದ ಕೂಡಲೇ ಇದು ಸರಿಹೋಗುವುದಿಲ್ಲ, ಕೆಲವು ನಿಮಿಷ ಬೇಕು. ಒಂದು ಗಂಟೆ ಹೆಕ್ಕಿ, ಎದ್ದು, ಅದೇ ಉಸಿರಿನಲ್ಲಿ ತುಂಬಿದ ಹೆಡಿಗೆ ಎತ್ತಿದಾಗ ‘ಕಟ್’ ಎಂದು ಸೊಂಟ ಹಿಡಿಯುವುದು ಇದೇ ಕಾರಣಕ್ಕೆ. ಹೆಡಿಗೆಯ ತೂಕಕ್ಕಿಂತ ಅದನ್ನು ಎತ್ತಿದ ಗಳಿಗೆಯೇ ಕೆಟ್ಟದ್ದು. ಬೆಳಗಿನ ಹೊತ್ತೂ ಹೀಗೆಯೇ: ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ, ಬೆಳಿಗ್ಗೆ ನಮ್ಮ ಎತ್ತರ ಸುಮಾರು ಒಂದೂವರೆ ಸೆಂಟಿಮೀಟರ್ ಹೆಚ್ಚಿರುತ್ತದೆ. ಎದ್ದ ಮೊದಲ ಅರ್ಧ–ಮುಕ್ಕಾಲು ಗಂಟೆ ಕೊಟ್ಟಿಗೆಯ ಗೊಬ್ಬರ ಎತ್ತುವ ಕೆಲಸವನ್ನು ಮುಂದೂಡಿ, ಆಸರಿ ಕುಡಿದು ನಾಲ್ಕು ಹೆಜ್ಜೆ ಓಡಾಡಿದ ಮೇಲೆ ಮಾಡಿದರೆ ಅಷ್ಟರಮಟ್ಟಿಗೆ ಬೆನ್ನಿಗೆ ಸಲೀಸು.

ವಯಸ್ಸಿನ ಪ್ರಶ್ನೆಗೆ ನೇರ ಉತ್ತರ: ಬೆಳೆಯುತ್ತದೆ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಬಳಸದಿದ್ದರೆ. 1990ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ 86ರಿಂದ 96 ವರ್ಷದ ವೃದ್ಧಾಶ್ರಮವಾಸಿಗಳಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ತೊಡೆಯ ಬಲ ಸರಾಸರಿ ಶೇ. 174ರಷ್ಟು ಏರಿತು. 52 ಎಂದರೆ ಅವರ ಲೆಕ್ಕದಲ್ಲಿ ಹುಡುಗ. ಆದರೆ ಒಂದು ವಿಷಯ ತಿಳಿದಿರಲಿ: ಮೊದಲ ನಾಲ್ಕರಿಂದ ಆರು ವಾರ ಬಲ ಏರುವುದು ಮುಖ್ಯವಾಗಿ ನರಗಳು ಸ್ನಾಯುವನ್ನು ಚೆನ್ನಾಗಿ ದುಡಿಸಲು ಕಲಿಯುವುದರಿಂದ. ಸ್ನಾಯುವಿನ ಗಾತ್ರ ಕಣ್ಣಿಗೆ ಬೀಳಲು ಎರಡು–ಮೂರು ತಿಂಗಳು ಬೇಕು. ತಿಂಗಳಿಗೆ ‘ಏನೂ ಆಗಲಿಲ್ಲ’ ಎಂದು ಬಿಡುವವರು ಸರಿಯಾಗಿ ಆಗುವ ಹೊತ್ತಿಗೇ ಬಿಡುತ್ತಾರೆ.

ನಡಿಗೆ, ಸೂರ್ಯನಮಸ್ಕಾರ ಸಾಲದೇ ಎಂದು ಬಹಳ ಮಂದಿ ಕೇಳುತ್ತಾರೆ. ನಡಿಗೆ ಹೃದಯಕ್ಕೆ, ಸಕ್ಕರೆ ಕಾಯಿಲೆಗೆ ಒಳ್ಳೆಯದು, ಬೆನ್ನಿಗೂ ಹಿತ. ಸೂರ್ಯನಮಸ್ಕಾರ ಮೈ ಸಡಿಲಿಸುತ್ತದೆ. ಆದರೆ ಅದರಲ್ಲಿ ಎಳೆಯುವ ಚಲನೆ ಇಲ್ಲ, ಭಾರ ಏರಿಸುವ ದಾರಿಯೂ ಇಲ್ಲ. ದಿನವಿಡೀ ಬಗ್ಗಿದವರು ಸಂಜೆ ಮತ್ತೆ 24 ಸಲ ಬಗ್ಗುವುದು ಕೊಯ್ಲಿನ ಕಾಲದಲ್ಲಿ ಬೇಡ ಎಂದೇ ನನ್ನ ಅಭಿಪ್ರಾಯ.

ವ್ಯಾಯಾಮಕ್ಕೆ ಮೊದಲು, ಯಾವಾಗ ವ್ಯಾಯಾಮ ಕೂಡದು ಎಂಬುದು. ಮರದಿಂದಲೋ ಧರೆಯಿಂದಲೋ ಬಿದ್ದ ಮೇಲೆ ಬಂದ ನೋವು. ರಾತ್ರಿ ಮಲಗಿದರೂ ಬಿಡದ ನೋವು, ಜೊತೆಗೆ ತೂಕ ಇಳಿತ. ಪಾದ ಎತ್ತಲಾಗದೆ ಚಪ್ಪಲಿ ಎಳೆಯುವುದು: ಇವಕ್ಕೆ ಬೇಗ ವೈದ್ಯರನ್ನು ಕಾಣಬೇಕು. ತೊಡೆಸಂದು, ಗುದದ ಸುತ್ತ ಸ್ಪರ್ಶ ಹೋಗಿ ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ತಡವಾದರೆ ನರ ಮರಳುವುದಿಲ್ಲ. ನಮ್ಮ ಜಿಲ್ಲೆಗೆಂದೇ ಹೇಳಬೇಕಾದ ಎರಡು ಮಾತಿವೆ. ಡಿಸೆಂಬರಿನಿಂದ ಮೇ ತನಕ ಬೆಟ್ಟಕ್ಕೆ ಸೊಪ್ಪು, ದರಕಿಗೆ (ಒಣ ಎಲೆಗೆ) ಹೋಗಿ ಬಂದವರಿಗೆ ಜೋರು ಜ್ವರದೊಂದಿಗೆ ಮೈಕೈ, ಸೊಂಟ ಮುರಿದುಹೋಗುವಂತೆ ನೋಯುತ್ತಿದ್ದರೆ ಅದು ಮಂಗನ ಕಾಯಿಲೆ ಇರಬಹುದು. ಮಳೆಗಾಲದಲ್ಲಿ ಗದ್ದೆ, ಕೆಸರಿನಲ್ಲಿ ಓಡಾಡಿದವರಿಗೆ ಜ್ವರ, ಕೆಂಗಣ್ಣು, ಮೀನಖಂಡದ ತೀವ್ರ ನೋವು ಬಂದರೆ ಇಲಿಜ್ವರವಿರಬಹುದು. ಎರಡರಲ್ಲೂ ಎಣ್ಣೆ ತಿಕ್ಕಿಸಿಕೊಂಡು ಕೂರಬೇಡಿ, ರಕ್ತಪರೀಕ್ಷೆ ಮಾಡಿಸಿ.

ಈಗ ಜುಲೈ. ಕೊನೆಕೊಯ್ಲಿಗೆ ಹದಿನಾರು ವಾರವಿದೆ. ಅಡಿಕೆಗೆ ಕೊಳೆರೋಗದ ಮದ್ದು ಹೊಡೆಯುವ ದಿನಗಳನ್ನು ಬಿಟ್ಟರೆ ಮಳೆಯಲ್ಲಿ ಹೊರಗಿನ ಕೆಲಸ ಕಡಿಮೆ, ಜಗುಲಿ ಒಣಗಿರುತ್ತದೆ. ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ವಾರಕ್ಕೆ ಎರಡು ದಿನ, ಸೋಮವಾರ–ಗುರುವಾರ ಎಂದಿಟ್ಟುಕೊಳ್ಳಿ, ಒಂದು ಸಲಕ್ಕೆ 35 ನಿಮಿಷ. ಬೇಕಾದ್ದು ಒಂದು ಗಟ್ಟಿ ಗೋಣಿಚೀಲ, ಅದರೊಳಗೆ ಇಡಲು ಎರಡೆರಡು ಕೆ.ಜಿ.ಯ ಮರಳಿನ ಪೊಟ್ಟಣಗಳು, ಒಂದು ಹಳೆಯ ಸೈಕಲ್ ಟ್ಯೂಬ್, 10 ಲೀಟರಿನ ಕ್ಯಾನ್, ಒಂದು ದೊಣ್ಣೆ.

ಅತಿ ಮುಖ್ಯವಾದದ್ದು ತೊಡೆಸಂದಿನಿಂದ ಬಗ್ಗುವುದನ್ನು ಕಲಿಯುವುದು. ಗೋಡೆಗೆ ಬೆನ್ನು ಮಾಡಿ, ಒಂದು ಗೇಣು ದೂರ ನಿಲ್ಲಿ. ದೊಣ್ಣೆಯನ್ನು ಬೆನ್ನ ಹಿಂದೆ ಉದ್ದಕ್ಕೆ ಹಿಡಿಯಿರಿ: ತಲೆಯ ಹಿಂಭಾಗ, ಹೆಗಲೆಲುಬುಗಳ ನಡುವೆ, ಬಾಲದೆಲುಬು ಮೂರಕ್ಕೂ ತಾಗಿರಬೇಕು. ಮಂಡಿ ಸ್ವಲ್ಪವೇ ಮಡಚಿ, ಕುಂಡಿಯನ್ನು ಹಿಂದಕ್ಕೆ ತಳ್ಳಿ ಗೋಡೆ ಮುಟ್ಟಿಸಿ, ಎದ್ದು ನಿಲ್ಲಿ. ದೊಣ್ಣೆ ಬಾಲದೆಲುಬಿನಿಂದ ಎದ್ದರೆ ಬೆನ್ನು ಗೂನಾಗುತ್ತಿದೆ ಎಂದರ್ಥ. ತಲೆಯಿಂದ ಎದ್ದರೆ ಕುತ್ತಿಗೆ ಬಾಗಿದೆ. ತೊಡೆಯ ಹಿಂಬದಿ ಎಳೆದಂತಾಗಬೇಕು. ಸೊಂಟದಲ್ಲೇ ಎಳೆತ ಕಂಡರೆ ಕಡಿಮೆ ಬಗ್ಗಿ. ಎರಡು ವಾರ ಇಷ್ಟೇ, ಹತ್ತರಂತೆ ಮೂರು ಸುತ್ತು. ಮೂರನೆಯ ವಾರದಿಂದ ಚೀಲದಲ್ಲಿ 8 ಕೆ.ಜಿ. ಹಾಕಿ, ಅದನ್ನು ಆರಿಂಚಿನ ಮಣೆಯ ಮೇಲಿಟ್ಟು, ಕಾಲಿಗೆ ಒರಸಿಕೊಂಡೇ ಎತ್ತಿ ಇಳಿಸಿ, ಎಂಟು ಸಲದಂತೆ ಮೂರು ಸುತ್ತು. ಚೀಲ ಪಾದದಿಂದ ಒಂದಡಿ ಮುಂದಿದ್ದರೆ ಬೆನ್ನಿನ ಮೇಲೆ ಬೀಳುವ ಹೊರೆ ಎಷ್ಟೋ ಪಟ್ಟು. ಹೆಚ್ಚಿನವರು ತಪ್ಪುವುದು ಇಲ್ಲೇ.

ಕೂತು ಏಳುವುದು ಎರಡನೆಯದು. ಜಗುಲಿಯ ಅಂಚಿಗೆ, ಕುರ್ಚಿಯೆತ್ತರವಿದ್ದರೆ, ಮೂರು ಎಣಿಸುತ್ತಾ ನಿಧಾನ ಕೂತು, ಕೈ ಊರದೆ ಎದ್ದೇಳಿ. ಹತ್ತರಂತೆ ಮೂರು ಸುತ್ತು ಸಲೀಸಾದ ಮೇಲೆ ಚೀಲವನ್ನು ಎದೆಗೆ ಅಪ್ಪಿಕೊಂಡು ಮಾಡಿ. ಮಂಡಿ ಒಳಕ್ಕೆ ವಾಲದೆ ಪಾದದ ಎರಡನೇ ಬೆರಳಿನ ದಿಕ್ಕಿಗಿರಲಿ. ಮಂಡಿ ಬೆರಳಿಗಿಂತ ಮುಂದೆ ಹೋಗಲೇಬಾರದು ಎಂಬುದು ಹಳೆಯ ಮಾತು. ನೋಯದಿದ್ದರೆ ಹೋಗಲಿ.

ನಿಮ್ಮ ಬಲಮಂಡಿಗೆ ಮೂರನೆಯದು. ಇಳಿಜಾರಿನಲ್ಲಿ ತೊಡೆಯ ಮುಂದಿನ ಸ್ನಾಯು ಉದ್ದವಾಗುತ್ತಲೇ ಬ್ರೇಕ್ ಹಿಡಿಯಬೇಕು. ಅದಕ್ಕೆ ಬಲವಿಲ್ಲದಿದ್ದರೆ ಆ ಹೊರೆಯ ಬಹುಪಾಲು ಮಂಡಿಚಿಪ್ಪಿನ ಹಿಂಭಾಗದ ಮೇಲೆ ಬೀಳುತ್ತದೆ. ಇಳಿಯುವಾಗ ಮಾತ್ರ ನೋಯುವುದು ಇದರ ಗುರುತು. ಐದಾರು ಇಂಚಿನ ಮೆಟ್ಟಿಲ ಮೇಲೆ ಬಲಗಾಲಲ್ಲಿ ನಿಂತು, ಕಂಬ ಹಿಡಿದು, ಎಡ ಹಿಮ್ಮಡಿಯನ್ನು ನಾಲ್ಕು ಎಣಿಸುತ್ತಾ ಮುಂದಕ್ಕಿಳಿಸಿ ನೆಲ ಮುಟ್ಟಿಸಿ. ಭಾರ ಬಿಡದೆ ಮತ್ತೆ ಮೇಲೆ. ಎಂಟರಂತೆ ಎರಡು ಸುತ್ತು, ಎರಡೂ ಕಾಲಿಗೆ. ಆರಿಂಚು ನೋಯಿಸಿದರೆ ಎರಡು ಇಂಚಿನ ಹಲಗೆಯಿಂದ ಶುರು. ಪಾದದ ಕೀಲು ಬಿಗಿಯಾಗಿದ್ದರೂ ಮಂಡಿಗೆ ಹೊರೆ. ಗೋಡೆಯಿಂದ ನಾಲ್ಕು ಬೆರಳು ದೂರ ಹೆಬ್ಬೆರಳಿಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಲು ಆಗುತ್ತದೆಯೇ ನೋಡಿ. ಆಗದಿದ್ದರೆ ದಿನಕ್ಕೆ ಹದಿನೈದು ಸಲ ಅದೇ ಅಭ್ಯಾಸ.

ಹಿಂದಕ್ಕೆ ಎಳೆಯುವುದು ನಿಮಗಿಂತ ನಿಮ್ಮ ಹೆಂಡತಿಗೆ ಹೆಚ್ಚು ಮುಖ್ಯ. ಸುಲಿಯುವಾಗ ತಲೆ ಮುಂದಕ್ಕೆ ಚಾಚಿ, ಹೆಗಲು ಕಿವಿಯತ್ತ ಏರಿ, ಎರಡೂ ಕೈ ಮುಂದೆಯೇ ಇರುತ್ತವೆ. ಕುತ್ತಿಗೆಯಿಂದ ಹೆಗಲಿಗಿಳಿಯುವ ಸ್ನಾಯು ತಾಸುಗಟ್ಟಲೆ ಸಡಿಲವಾಗುವುದೇ ಇಲ್ಲ. ಟ್ಯೂಬನ್ನು ಕಂಬಕ್ಕೆ ಹೊಕ್ಕುಳ ಮಟ್ಟದಲ್ಲಿ ಸುತ್ತಿ, ಎರಡು ತುದಿ ಹಿಡಿದು, ಮೊಣಕೈ ಪಕ್ಕೆಗೆ ತಾಗುವಂತೆ ಎಳೆದು, ಹೆಗಲೆಲುಬುಗಳನ್ನು ಹತ್ತಿರ ತಂದು ಎರಡು ಎಣಿಸಿ ಬಿಡಿ. ಹೆಗಲು ಮೇಲೇರಬಾರದು. ಹನ್ನೆರಡರಂತೆ ಮೂರು ಸುತ್ತು. ಪ್ರತಿ ಸಲ ಟ್ಯೂಬಿನಲ್ಲಿ ಬಿರುಕಿದೆಯೇ ನೋಡಿ, ಹರಿದು ಮುಖಕ್ಕೆ ಬಡಿದರೆ ಕಣ್ಣಿಗೆ ಅಪಾಯ.

ಉಳಿದವು ಎರಡು. ಗೋಡೆಗೆ ಕೈಯೂರಿ ದಂಡ, ಆಮೇಲೆ ಜಗುಲಿಯ ಅಂಚಿಗೆ, ಕೊನೆಗೆ ನೆಲಕ್ಕೆ. ಎಂಟರಿಂದ ಹನ್ನೆರಡು, ಮೂರು ಸುತ್ತು. ಮತ್ತೆ, ಒಂದೇ ಕೈಯಲ್ಲಿ ನೀರು ತುಂಬಿದ ಕ್ಯಾನ್ ಹಿಡಿದು, ಮೈ ಆ ಕಡೆ ವಾಲದಂತೆ ಮೂವತ್ತು ಹೆಜ್ಜೆ. ಕೈ ಬದಲಿಸಿ ಮತ್ತೆ ಮೂವತ್ತು. ಪಕ್ಕೆಯ ಸ್ನಾಯುಗಳಿಗೆ ಇದಕ್ಕಿಂತ ಸರಳ, ಇದಕ್ಕಿಂತ ಉಪಯುಕ್ತ ವ್ಯಾಯಾಮ ನನಗೆ ಗೊತ್ತಿಲ್ಲ. ನಾಲ್ಕು ಸಲ ಸಾಕು.

ಎಷ್ಟು ಭಾರ ಎಂಬುದಕ್ಕೆ ಅಳತೆ: ಸುತ್ತು ಮುಗಿದಾಗ ‘ಇನ್ನು ಎರಡು ಮಾಡಬಹುದಿತ್ತು’ ಅನ್ನಿಸಬೇಕು. ಐದು ಮಾಡಬಹುದಿತ್ತು ಅನ್ನಿಸಿದರೆ ಸ್ನಾಯು ಬೆಳೆಯುವಷ್ಟು ಕೆಲಸವಾಗಿಲ್ಲ; ಒಂದೂ ಆಗದು ಅನ್ನಿಸಿದರೆ ಹೆಚ್ಚಾಯಿತು. ವ್ಯಾಯಾಮದ ಸತತ ಎರಡು ದಿನ ಎಲ್ಲ ಸುತ್ತಿನಲ್ಲೂ ಹನ್ನೆರಡು ಬಂದರೆ ಒಂದು ಪೊಟ್ಟಣ ಸೇರಿಸಿ ಎಂಟಕ್ಕೆ ಇಳಿಯಿರಿ. ಹೀಗೆ ಹೋದರೆ ನವೆಂಬರಿನ ಹೊತ್ತಿಗೆ ಚೀಲ 20 ಕೆ.ಜಿ. ದಾಟುತ್ತದೆ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಉಸಿರು ಕಟ್ಟಿ ಮುಕ್ಕಿದರೆ ರಕ್ತದೊತ್ತಡ ಗಬಕ್ಕನೆ ಏರುತ್ತದೆ. ಬಿ.ಪಿ. 160/100 ಮೀರಿದ್ದರೆ ಮೊದಲು ಅದನ್ನು ಹತೋಟಿಗೆ ತನ್ನಿ.

ನೋವಿಗೂ ಒಂದು ಅಳತೆಯಿದೆ. ಹತ್ತಕ್ಕೆ ಮೂರರಷ್ಟು ನೋವು ಬಂದು ಮರುದಿನ ಬೆಳಿಗ್ಗೆಗೆ ಹೋದರೆ ಮುಂದುವರಿಸಿ. ಮೊದಲ ವಾರ ತೊಡೆ, ತೋಳು ಎರಡು–ಮೂರು ದಿನ ಕಟುಕುವುದು ಸಹಜ. ಮರುದಿನವೂ ಸೊಂಟ ಹೆಚ್ಚೇ ನೋಯುತ್ತಿದ್ದರೆ ಭಾರ ಅರ್ಧಕ್ಕಿಳಿಸಿ, ಚಲನೆ ಬಿಡಬೇಡಿ. ನೋವು ಸೊಂಟದಿಂದ ಕಾಲಿನ ಕೆಳಕ್ಕೆ ಹರಡತೊಡಗಿದರೆ ನಿಲ್ಲಿಸಿ ತೋರಿಸಿಕೊಳ್ಳಿ.

ಜಿಮ್ಮಿನ ಬಗ್ಗೆ: ಶಿರಸಿ ಪೇಟೆಗೆ ವಾರಕ್ಕೆರಡು ಸಲ ಹೋಗಿ ಬರಲು ಆಗುವುದಾದರೆ ಒಳ್ಳೆಯದೇ, ಭಾರವನ್ನು ಕರಾರುವಾಕ್ಕಾಗಿ ಏರಿಸಲು ಅಲ್ಲಿ ಅನುಕೂಲ. ಅಪಾಯವಿರುವುದು ಇಪ್ಪತ್ತೈದರ ಹುಡುಗರ ಪಟ್ಟಿಯನ್ನೇ ನಿಮಗೂ ಕೊಟ್ಟಾಗ. ಬೆಲ್ಟ್ ತೀರಾ ನೋವಿರುವಾಗ ದಿನಕ್ಕೆ ಒಂದೆರಡು ತಾಸು ಧೈರ್ಯಕ್ಕೆ ಆಗುತ್ತದೆ. ಅದು ಮುಂದಿನ ನೋವನ್ನು ತಡೆಯುವುದಿಲ್ಲ. ನೋವಿನ ಮಾತ್ರೆ ಮೂರ್ನಾಲ್ಕು ದಿನ ವೈದ್ಯರು ಹೇಳಿದಂತೆ ಸರಿ, ಕೊಯ್ಲು ಮುಗಿಯುವವರೆಗೂ ಅಂಗಡಿಯಿಂದ ತಂದು ನುಂಗಿದರೆ ಹೊಟ್ಟೆಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ಚೀಟಿಯಿಲ್ಲದ ಪೊಟ್ಟಣದಲ್ಲಿ ಸಿಗುವ ‘ವಾತದ ಪುಡಿ’ಗಳಿಂದ ದೂರವಿರಿ, ಇಂಥವುಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು, ಒಂದೇ ದಿನದಲ್ಲಿ ಹಿತವೆನಿಸಿ ವರ್ಷದಲ್ಲಿ ಎಲುಬು ಟೊಳ್ಳಾಗಿಸುತ್ತದೆ. ಬಿಸಿನೀರು, ಎಣ್ಣೆ ತಿಕ್ಕುವುದು ಹಿತ. ಬೆನ್ನ ಮೇಲೆ ಕಾಲಿಟ್ಟು ತುಳಿಸುವುದು, ಕುತ್ತಿಗೆ ತಿರುವಿ ಲಟಕ್ಕೆನ್ನಿಸುವುದು ಬೇಡವೇ ಬೇಡ.

ಊಟದ ಲೆಕ್ಕ. ವ್ಯಾಯಾಮ ಮಾಡುವವರಿಗೆ ಕೆ.ಜಿ. ದೇಹತೂಕಕ್ಕೆ ದಿನಕ್ಕೆ ಸುಮಾರು 1.2 ಗ್ರಾಂ ಪ್ರೊಟೀನ್ ಬೇಕು. ನಿಮಗೆ 73 ಗ್ರಾಂ. ಬೆಳಿಗ್ಗೆ ತೆಳ್ಳೇವು (ತೆಳು ದೋಸೆ), ಮಧ್ಯಾಹ್ನ ಅನ್ನ, ತಂಬುಳಿ, ಸಾರು, ಮಜ್ಜಿಗೆ, ರಾತ್ರಿ ಮತ್ತೆ ಅದೇ ಆದರೆ ನಲವತ್ತು ದಾಟುವುದು ಕಷ್ಟ. ಇದಕ್ಕೆ 50 ಗ್ರಾಂ ಹೆಸರು ಅಥವಾ ಹುರುಳಿಕಾಳು (11–12 ಗ್ರಾಂ), ಒಂದು ದೊಡ್ಡ ಲೋಟ ಹಾಲು (8), ಒಂದು ಬಟ್ಟಲು ಗಟ್ಟಿ ಮೊಸರು (6–7), ಒಂದು ಹಿಡಿ ಶೇಂಗಾ (7) ಸೇರಿಸಿದರೆ ಸಾಕಾಗುತ್ತದೆ. ಹುರುಳಿ ಕಟ್ಟು ಕುಡಿದರೆ ಬಲ ಎನ್ನುತ್ತಾರೆ, ಆದರೆ ಪ್ರೊಟೀನಿನ ಬಹುಪಾಲು ಕಾಳಿನಲ್ಲೇ ಉಳಿದಿರುತ್ತದೆ. ಕಾಳನ್ನು ದನಕ್ಕಿಡದೆ ಪಲ್ಯ ಮಾಡಿ ತಿನ್ನಿ. ಕುಮಟಾ, ಕಾರವಾರದ ಕಡೆಯ ಮೀನು ತಿನ್ನುವವರಿಗೆ ಈ ಚಿಂತೆ ಕಡಿಮೆ, ನೂರು ಗ್ರಾಂ ಬಂಗಡೆಯಲ್ಲೇ ಹತ್ತಿರ ಹತ್ತಿರ 20 ಗ್ರಾಂ. ಮಗ ಹೇಳುವ ಪ್ರೊಟೀನ್ ಪುಡಿ ವಿಷವಲ್ಲ, ಅದು ಹೆಚ್ಚಾಗಿ ಹಾಲಿನದೇ ಪ್ರೊಟೀನ್, ಆದರೆ ನಿಮಗೆ ಅಗತ್ಯವಿಲ್ಲ. ಆರೋಗ್ಯವಂತರ ಮೂತ್ರಪಿಂಡವನ್ನು ಇಷ್ಟು ಪ್ರೊಟೀನ್ ಕೆಡಿಸುವುದಿಲ್ಲ; ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಮೊದಲು ಕ್ರಿಯಾಟಿನಿನ್ ಪರೀಕ್ಷೆ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ) ಮಾಡಿಸಲಿ. ಸಸ್ಯಾಹಾರಿಗಳಾದ್ದರಿಂದ ಇಬ್ಬರೂ ಒಮ್ಮೆ ವಿಟಮಿನ್ ಬಿ12 ನೋಡಿಸಿಕೊಳ್ಳಿ. ಅದರ ಕೊರತೆಯ ಸುಸ್ತು, ಪಾದದ ಜುಮುಜುಮು ಬೆನ್ನಿನ ನರದ ತೊಂದರೆಯಂತೆಯೇ ಕಾಣಿಸುತ್ತದೆ.

ಕೊಯ್ಲು ಶುರುವಾದ ಮೇಲೆ ವಾರಕ್ಕೆ ಒಂದೇ ದಿನ, ಸುತ್ತು ಎರಡೇ, ಭಾರ ಮಾತ್ರ ಇಳಿಸಬೇಡಿ; ಗಳಿಸಿದ ಬಲ ಉಳಿಯಲು ಅಷ್ಟು ಸಾಕು. ಹೆಕ್ಕುವಾಗ ಅರ್ಧ ಗಂಟೆಗೊಮ್ಮೆ ಎದ್ದು, ಸೊಂಟಕ್ಕೆ ಕೈಕೊಟ್ಟು ಐದು ಸಲ ಹಿಂದಕ್ಕೆ ಬಾಗಿ, ಎರಡು ನಿಮಿಷ ಓಡಾಡಿದ ಮೇಲೆಯೇ ಹೆಡಿಗೆಗೆ ಕೈಹಾಕಿ. ಹೆಡಿಗೆಯನ್ನು ಮುಕ್ಕಾಲೇ ತುಂಬಿ, ಎರಡು ಸಲ ಹೆಚ್ಚು ಓಡಾಡಿ. ಮೆಟ್ಟುಗತ್ತಿಗೆ ಕೂರುವವರು ಮಣೆಯ ಮೇಲೆ ನಾಲ್ಕಿಂಚಿನ ದಿಂಬಿಟ್ಟು ಸೊಂಟವನ್ನು ಮಂಡಿಗಿಂತ ಎತ್ತರಿಸಿದರೆ ಬೆನ್ನಿನ ಗೂನು ಕಡಿಮೆಯಾಗುತ್ತದೆ. ಬೆಳಕನ್ನು ಮುಂದಿನಿಂದ ತಂದರೆ ತಲೆ ಚಾಚುವುದೂ ತಪ್ಪುತ್ತದೆ. ಮಲಗುವ ಮುನ್ನ ಸುತ್ತಿದ ಟವೆಲ್ಲನ್ನು ಹೆಗಲೆಲುಬಿನ ಕೆಳಗೆ ಅಡ್ಡಕ್ಕಿಟ್ಟು, ಕೈ ತಲೆಯ ಮೇಲೆ ಚಾಚಿ ಎರಡು ನಿಮಿಷ ಅಂಗಾತ ಮಲಗುವುದು ಇಬ್ಬರಿಗೂ ಒಳ್ಳೆಯದು. ಸುಲಿಯುವುದು ಮುಗಿದು ವಾರ ಕಳೆದ ಮೇಲೆ ಮತ್ತೆ ವಾರಕ್ಕೆ ಎರಡು ದಿನ, ಚೀಲವನ್ನು ನಿಲ್ಲಿಸಿದ ತೂಕಕ್ಕಿಂತ ಒಂದು ಪೊಟ್ಟಣ ಕಡಿಮೆ ಮಾಡಿಕೊಂಡು ಶುರು ಮಾಡಿ.